ಚಂದ್ರಿಕೆಯ ಒಳಸುತ್ತು

ಗೌರಿಬಿದನೂರಿನಲ್ಲಿ ಬಸ್ಸು ಹತ್ತಿದ್ದೇನೆ ಎಂದು ಅಪ್ಪ ಫೋನ್ ಮಾಡಿದಾಗ ಹರಿಣಿ ಒಂದು ರೇಷ್ಮೆಗೂಡಿನ ತೂತಿನೊಳಕ್ಕೆ ಅಯಸ್ಕಾಂತದ ಚೂರು ತೂರಿಸಿ ಅಂಟು ಹಚ್ಚುತ್ತಿದ್ದಳು. ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಇನ್ನೊಂದು ಗಂಟೆಗೆಲ್ಲ ಚಿಕ್ಕಬಳ್ಳಾಪುರದಲ್ಲಿರುತ್ತೇನೆ, ನೀನು ತಿಂಡಿ ತಿಂದೆಯಾ ಎಂದು ಕೇಳಿದರು. ತಿಂದೆ ಎಂದಳು. ತಿಂದಿರಲಿಲ್ಲ. ಅಪ್ಪನ ಹತ್ತಿರ ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ಅವಳಿಗೆ ಈ ಮೂರು ತಿಂಗಳಲ್ಲಿ ಗೊತ್ತಾಗಿತ್ತು. ಫೋನಿಟ್ಟ ಮೇಲೆ ನೋಡಿದರೆ ತೋರುಬೆರಳು ಗೂಡಿಗೆ ಅಂಟಿಕೊಂಡಿತ್ತು. ಎಳೆದಾಗ ಚರ್ಮದ ಜೊತೆಗೆ ಒಂದೆರಡು ಎಳೆ ರೇಷ್ಮೆಯೂ ಬಂತು. ಒಂದು ಗಂಟೆ ಇದೆ ಎಂದುಕೊಂಡಳು. ಆ ಒಂದು ರೆಕಾರ್ಡಿಂಗನ್ನು ಇಡುವುದೋ ತೆಗೆಯುವುದೋ, ಒಂದು ಗಂಟೆಯೊಳಗೆ ತೀರ್ಮಾನವಾಗಬೇಕು. ಮೂರು ತಿಂಗಳಲ್ಲಿ ಆಗದ್ದು ಒಂದು ಗಂಟೆಯಲ್ಲಿ ಆಗುತ್ತದೆ ಎಂದು ನಂಬುವವಳು ತಾನೊಬ್ಬಳೇ ಇರಬೇಕು ಎಂದು ತನ್ನ ಮೇಲೇ ರೇಗಿತು.

ಚಿಕ್ಕಬಳ್ಳಾಪುರದ ಪ್ರದರ್ಶನದ ಹಾಲಿನ ನಡುವೆ ಎರಡು ಮೇಜು ಜೋಡಿಸಿ ಅದರ ಮೇಲೆ ಹಳೆಯ ಬಿದಿರಿನ ಚಂದ್ರಿಕೆಯನ್ನು ಮಲಗಿಸಿದ್ದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲಿ ಎಂದು ಬಿಡುವ ಆರಡಿಯ ಚಾಪೆ ಅದು. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ನಿಲ್ಲಿಸಿ, ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಹೋಗಿರುತ್ತಾರೆ; ಎರಡು ಸುತ್ತಿನ ನಡುವೆ ಬೆರಳು ಆಡುವಷ್ಟು ಓಣಿ. ಆ ಓಣಿಯುದ್ದಕ್ಕೂ ಹರಿಣಿ ಊರುಗಳನ್ನು ಇಟ್ಟಿದ್ದಳು. ಹೊರಸುತ್ತಿನಲ್ಲಿ ಗೌರಿಬಿದನೂರು, ವಿದುರಾಶ್ವತ್ಥ. ಆಮೇಲೆ ಮುದ್ದೇನಹಳ್ಳಿ, ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಚಿಂತಾಮಣಿಯ ಸಂತೆ ಬೀದಿ. ಕಟ್ಟಕಡೆಯ ಒಳಸುತ್ತಿನಲ್ಲಿ, ಕೆಂಚಾರ್ಲಹಳ್ಳಿ ದಾಟಿ ಒಂದೂವರೆ ಮೈಲಿಗೆ ಸಿಗುವ ಅಪ್ಪನ ಊರು, ಆ ಊರಿನ ಬಯ್ಯಪ್ಪನವರು ರೇಷ್ಮೆಹುಳು ಸಾಕುತ್ತಿದ್ದ ಹುಳು ಮನೆ. ಅಯಸ್ಕಾಂತದ ಗೂಡನ್ನು ಯಾವ ಜಾಗದಲ್ಲಿಟ್ಟರೆ, ಚಂದ್ರಿಕೆಯಡಿಯ ಪೆಟ್ಟಿಗೆಯಿಂದ ಆ ಜಾಗದ ನೆನಪು ಅದನ್ನು ಹೇಳಿದವರ ದನಿಯಲ್ಲೇ ಕೇಳುತ್ತಿತ್ತು, ಎತ್ತಿದರೆ ನಿಲ್ಲುತ್ತಿತ್ತು. ವಿದುರಾಶ್ವತ್ಥದಲ್ಲಿ ಇಟ್ಟರೆ ಒಬ್ಬ ಮುದುಕಿ, ಗೋಲಿಬಾರಿನಂಥ ದೊಡ್ಡ ಕತೆ ನಡೆದ ಜಾಗದಲ್ಲಿ ತನಗೆ ನೆನಪಿರುವುದು ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿದ್ದು ಮಾತ್ರ ಎಂದು ನಾಚಿಕೆಯಿಂದ ಹೇಳುತ್ತಿದ್ದಳು. ಸಂತೆ ಬೀದಿಯಲ್ಲಿ ಇಟ್ಟರೆ ಒಬ್ಬ ಬಳೆ ವ್ಯಾಪಾರಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತನ್ನ ಹೆಂಡತಿಯ ಕೈಯನ್ನು ಮೊದಲು ಹಿಡಿದದ್ದು ಹೇಳುತ್ತಿದ್ದ. ನಲವತ್ತೊಂದು ಜಾಗ, ಜಾಗಕ್ಕೊಂದು ದನಿ. ಒಳಸುತ್ತಿಗೆ ಮಾತ್ರ ಎರಡಿದ್ದವು. ಒಂದು ಅಪ್ಪನದು, ಇನ್ನೊಂದು ಅಪ್ಪನ ತಾಯಿ ಅಶ್ವತ್ಥಮ್ಮನದು. ಮನೆಯಲ್ಲಿ ಎಲ್ಲರಿಗೂ ಅವ್ವ ಆಗಿದ್ದ ಅವಳು ಅಪ್ಪನಿಗೆ ಮಾತ್ರ ಅಮ್ಮ. ಪುಷ್ಯದಲ್ಲಿ ತೀರಿಕೊಂಡಳು.

ಅಪ್ಪನ ಕತೆ ಹರಿಣಿಗೆ ಬಾಯಿಪಾಠವಾಗಿತ್ತು. ಗಂಗರಾಜು ಮೇಷ್ಟರು ಎಂದರೆ ಏಪ್ರಿಲ್ ಹದಿನಾಲ್ಕರ ಸಭೆಗಳಲ್ಲಿ ಆ ಕತೆ ಹೇಳಲೇಬೇಕು ಎಂದಾಗಿಹೋಗಿತ್ತು. ಆಗ ನನಗೆ ಏಳು ವರ್ಷ, ಎಂದು ಶುರುವಾಗುತ್ತಿತ್ತು. ನಮ್ಮಮ್ಮ ಬಯ್ಯಪ್ಪನವರ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಹೊರೆ ತಂದು ಹುಳು ಮನೆಯ ಬಾಗಿಲಿನಲ್ಲಿ ಹಾಕಬೇಕು, ಒಳಗೆ ಕಾಲಿಡುವ ಹಾಗಿಲ್ಲ. ಹುಳು ಬಲು ಸೂಕ್ಷ್ಮ, ಹೊರಗಿನವರ ಗಾಳಿ ತಗುಲಿದರೆ ರೋಗ ಎಂಬ ಮಾತು ನಿಜವೇ. ಆದರೆ ನೆಂಟರು ಹೋಗುತ್ತಿದ್ದರು, ನಾವು ಹೋಗುವಂತಿರಲಿಲ್ಲ. ಹೊಸ್ತಿಲಿಗೆ ಸುಣ್ಣದ ಪುಡಿಯ ಗೆರೆ. ಒಂದು ದಿನ ಮಧ್ಯಾಹ್ನ ನಾನು ಆ ಗೆರೆ ತುಳಿದು ಒಳಕ್ಕೆ ಹೋದೆ. ಸಾವಿರಾರು ಹುಳು ಸೊಪ್ಪು ತಿನ್ನುತ್ತಿದ್ದವು, ಮಳೆ ಸುರಿದ ಹಾಗೆ ಸದ್ದು. ಆಚೆ ಬಂದರೆ ಕಾಲೆಲ್ಲ ಬೆಳ್ಳಗೆ. ಸಿಕ್ಕಿಬಿದ್ದೆ. ಏಟು ಬಿತ್ತು. ಅವತ್ತು ದಾಟಿದ ಹೊಸ್ತಿಲೇ ನನ್ನನ್ನು ಇಲ್ಲಿಯ ತನಕ ತಂದು ನಿಲ್ಲಿಸಿದೆ. ಇಲ್ಲಿಗೆ ಚಪ್ಪಾಳೆ. ಯಾರು ಹೊಡೆದರು ಎಂದು ಅಪ್ಪ ಯಾವತ್ತೂ ಹೇಳುತ್ತಿರಲಿಲ್ಲ, ಯಾರೂ ಕೇಳಿದ್ದೂ ಇಲ್ಲ. ಮುಂದಿನ ಸಾಲಿನಲ್ಲಿ ಕೂತ ಅವ್ವ, ಕತೆ ಸುಣ್ಣದ ಗೆರೆಗೆ ಬರುವ ಹೊತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಹೋಗುತ್ತಿದ್ದಳು. ಮಗನ ಕಷ್ಟ ಕೇಳಲಾರದೆ ಎದ್ದುಹೋಗುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಹರಿಣಿಯೂ ಹಾಗೇ ತಿಳಿದು, ಒಂದು ಸಲ ಹಿಂದೆಯೇ ಹೋಗಿ ನೀರು ಕೊಟ್ಟಿದ್ದಳು.

ಕಾರ್ತಿಕದಲ್ಲಿ, ಶಿಡ್ಲಘಟ್ಟದ ಮನೆಯ ಜಗುಲಿಯಲ್ಲಿ, ಬಿಸಿಲಿಗೆ ಕಾಲು ಚಾಚಿ ಕೂತಿದ್ದ ಅವ್ವನ ಮುಂದೆ ರೆಕಾರ್ಡರ್ ಇಟ್ಟು, ಹುಳು ಮನೆ ಬಗ್ಗೆ ನಿಂಗೆ ನೆನಪಿರೋದು ಹೇಳವ್ವ ಎಂದು ಕೇಳಿದಳು. ಅವ್ವ, ಅದನ್ನ ಮೊದಲು ಆಫ್ ಮಾಡು ಎಂದಳು. ಹರಿಣಿ ರೆಕಾರ್ಡರನ್ನು ಕೈಗೆ ತೆಗೆದುಕೊಂಡಳು. ಒತ್ತಲಿಲ್ಲ. ಕೆಂಪು ದೀಪ ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿ, ಆಫ್ ಮಾಡಿದೆ ಅಂದಳು. ಏಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಒಳ್ಳೆಯದು ಸಿಗುತ್ತದೆ ಎಂದು ಗೊತ್ತಾಗಿತ್ತು, ಅದಕ್ಕೆ. ಅದಕ್ಕಿಂತ ಚೆನ್ನಾದ ಕಾರಣ ಇವತ್ತಿಗೂ ಸಿಕ್ಕಿಲ್ಲ.

"ನಿಮ್ಮಪ್ಪ ಒಳಕ್ಕೆ ಹೋಗಿರ್ಲಿಲ್ಲ ಕಣಮ್ಮ. ಹೋಗಿದ್ದೋಳು ನಾನು," ಎಂದಿದ್ದಳು ಅವ್ವ. "ಅಷ್ಟು ವರ್ಷ ಸೊಪ್ಪು ಹೊತ್ ಹಾಕಿದೀನಿ, ಅದನ್ನ ತಿಂದು ಹುಳ ಏನ್ ಮಾಡ್ತದೆ ಅಂತ ಒಂದ್ ಸಲಾನೂ ನೋಡಿರ್ಲಿಲ್ಲ. ನೋಡ್ಬೇಕು ಅನ್ನಿಸ್ತು. ಅಷ್ಟೇ."

ಆಚೆ ಬಂದವಳು ಸೊಪ್ಪು ಮುಚ್ಚುವ ಒದ್ದೆ ಗೋಣಿಚೀಲದಲ್ಲಿ ಕಾಲಿನ ಸುಣ್ಣ ಒರೆಸಿಕೊಂಡಳಂತೆ. ಅಷ್ಟರಲ್ಲಿ ಅವಳನ್ನು ಹುಡುಕಿಕೊಂಡು ಬಂದ ಗಂಗರಾಜು ಹೊಸ್ತಿಲ ಸುಣ್ಣ ತುಳಿದು ನಿಂತಿದ್ದ. ಊಟ ಮುಗಿಸಿ ಬಂದ ಬಯ್ಯಪ್ಪ ಕಂಡದ್ದು ಕೆದರಿದ ಗೆರೆ ಮತ್ತು ಹುಡುಗನ ಬಿಳಿ ಕಾಲು. ಕೈ ಎತ್ತಲಿಲ್ಲ ಆತ, ದೊಡ್ಡ ಮನುಷ್ಯ. ನಿನ್ನ ಮಗನಿಗೆ ನೀನೇ ಬುದ್ಧಿ ಕಲಿಸು ಎಂದು ಹಿಪ್ಪುನೇರಳೆಯ ಕಡ್ಡಿಯನ್ನು ಅವಳ ಕೈಗೇ ಕೊಟ್ಟ. ಸಾಕು ಎಂದು ಆತ ಹೇಳುವ ತನಕ ಅವ್ವ ಹೊಡೆದಳು. ಹೊಡೆಯುತ್ತಿದ್ದರೂ ಹುಡುಗ ಓಡಲಿಲ್ಲ. ಅವಳ ಸೆರಗಿನ ತುದಿಯನ್ನೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ, ನಾನಲ್ಲ ಎಂದು ಒಂದು ಮಾತೂ ಆಡಲಿಲ್ಲ. ಅದೇ ವಾರ ಹುಳುಗಳಿಗೆ ಹಾಲುತೊಂಡೆ ಬಂದು ಅಷ್ಟೂ ಬೆಳೆ ಹೋಯಿತು. ನಾನು ಹೋಗಿದ್ದಕ್ಕೇ ಹೋಯ್ತೇನೋ ಎಂದಳು ಅವ್ವ, ಐವತ್ತು ವರ್ಷದ ಮೇಲೂ. ಆ ರೋಗ ಅಷ್ಟು ಬೇಗ ಬರುವಂಥದಲ್ಲ, ಮೊದಲೇ ಹತ್ತಿರುತ್ತದೆ ಎಂದು ಹರಿಣಿ ಬಿಡಿಸಿ ಹೇಳಿದರೆ, ನೀನು ಓದಿರೋಳು, ಹಂಗೇ ಹೇಳ್ತೀಯ ಎಂದು ನಕ್ಕುಬಿಟ್ಟಳು. ಕೊನೆಗೆ ಮೊಮ್ಮಗಳ ಮುಂಗೈ ಹಿಡಿದುಕೊಂಡಳು. ಹಿಡಿದದ್ದು ರೆಕಾರ್ಡರ್ ಇದ್ದ ಕೈಯನ್ನೇ.

"ಅವನು ಮೈಕಿನ ಮುಂದೆ ನಿಂತು ನಾನೇ ಹೋಗಿದ್ದೆ ಅಂತಾನಲ್ಲ, ಅವನಿಗೆ ಹಂಗೇ ನೆನಪಾಗೋಗಿದೆ. ಅದರ ಮ್ಯಾಲೇ ಬದುಕು ಕಟ್ಕೊಂಡವನೆ. ಅವನ ಕಿವಿಗೆ ಇದು ಬೀಳಬಾರ್ದು ಕಣಮ್ಮ. ನಂಗೆ ಮಾತು ಕೊಡು."

ಕೊಟ್ಟಿದ್ದಳು. ಅಂಗೈಯಡಿ ದೀಪ ಉರಿಯುತ್ತಲೇ ಇತ್ತು.

ಬಸ್ಸು ಈಗ ಎಲ್ಲಿ ಬಂದಿರಬಹುದು ಎಂದು ಲೆಕ್ಕ ಹಾಕಿದಳು. ಅಪ್ಪ ಕಿಟಕಿಯ ಸರಳು ಹಿಡಿದು ನಿದ್ದೆ ಮಾಡುತ್ತಿರುತ್ತಾರೆ. ಕೆಲಸ ಕೊಟ್ಟಿದ್ದ ಸಂಸ್ಥೆಯ ಯಾಮಿನಿ ಮೇಡಂ ಬಂದು ಬ್ಯಾನರ್ ಸೊಟ್ಟಗಿದೆ ಎಂದು ಹೇಳಿ, ಹೋಗುವ ಮುಂಚೆ, ಒಳಸುತ್ತಿಗೆ ನಿಮ್ಮ ಅಜ್ಜಿಯ ಕ್ಲಿಪ್ಪನ್ನೇ ಹಾಕಿದ್ದೀರಲ್ಲ ಎಂದು ಕೇಳಿದರು. ಒಂದೇ ಒಂದು ಸಲ, ತಡೆಯಲಾರದೆ, ಹರಿಣಿ ಅವರಿಗೆ ಅದನ್ನು ಲ್ಯಾಪ್‌ಟಾಪಿನಲ್ಲಿ ಕೇಳಿಸಿದ್ದಳು. ಕೇಳಿ ಮುಗಿಸಿದವರು ಕಣ್ಣು ಒರೆಸಿಕೊಂಡು, ಇಡೀ ಪ್ರಾಜೆಕ್ಟಿನ ಜೀವ ಇದೇ ಅಂದಿದ್ದರು. ಆಗ ಹರಿಣಿಗೆ ಹೆಮ್ಮೆಯಾಗಿತ್ತು. ನೋಡ್ತೀನಿ ಮೇಡಂ ಎಂದಳು. ಏನು ನೋಡುವುದು, ಅಜ್ಜಿ ಹೇಗೂ ಇಲ್ಲವಲ್ಲ, ಯಾರಿಗೆ ನೋವಾಗಬೇಕು ಎಂದರು. ಅವರು ಸಹಜವಾಗಿಯೇ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ ಹರಿಣಿ ತನ್ನ ಅಂಗೈ ನೋಡಿಕೊಂಡಳು.

ಈ ಚಂದ್ರಿಕೆಯೂ ಅದೇ ಹುಳು ಮನೆಯದು. ಬಯ್ಯಪ್ಪನ ಮಗ ವೆಂಕಟರವಣಪ್ಪನವರು ಒಂದು ಮಾತೂ ಆಡದೆ ಕೊಟ್ಟಿದ್ದರು. ಹೊಸ ಮನೆಯಲ್ಲಿ ಕುರ್ಚಿ ಹಾಕಿಸಿ, ನಮ್ಮ ಅಶ್ವತ್ಥಮ್ಮನ ಮೊಮ್ಮಗಳು, ಎಷ್ಟು ಓದಿದಾಳೆ ನೋಡಿ ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದ್ದರು. ಕಾಫಿ ಕಾಗದದ ಲೋಟದಲ್ಲಿ ಬಂತು. ಈಗ ಎಲ್ಲರ ಮನೆಯಲ್ಲೂ ಕಾಗದದ ಲೋಟವೇ, ಅದರಿಂದ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲ ಎಂಬುದೇ ಹಿಂಸೆ. ವೆಂಕಟರವಣಪ್ಪನವರ ಕೈಯಲ್ಲಿದ್ದದ್ದು ಸ್ಟೀಲಿನ ಲೋಟ, ಆದರೆ ಅದರಲ್ಲಿದ್ದದ್ದು ಕಾಫಿಯಲ್ಲ, ಸಕ್ಕರೆ ಕಾಯಿಲೆಗೆ ಮೆಂತ್ಯದ ನೀರು. ಅಷ್ಟು ಗಮನಿಸಿದ ತನ್ನ ಕಣ್ಣಿನ ಮೇಲೇ ಅವಳಿಗೆ ಅಸಹ್ಯವಾಯಿತು. ಹಿತ್ತಲಿನ ಹಳೆಯ ಹುಳು ಮನೆಯಲ್ಲಿ ಈಗ ಸಿಮೆಂಟ್ ಚೀಲ, ಕೆಟ್ಟ ಮೋಟರು, ಹರಿದ ಸೊಳ್ಳೆಪರದೆ. ಬಾರಮ್ಮ ಒಳಕ್ಕೆ, ನಿಂಗೆ ಬೇಕಾದ್ದು ನೀನೇ ಆರಿಸ್ಕೊ ಎಂದು ಅವರು ಬಾಯ್ತುಂಬ ಕರೆದರು. ಬಾಗಿಲು ತೆರೆದೇ ಇತ್ತು, ಸುಣ್ಣದ ಗೆರೆ ಇರಲಿಲ್ಲ. ಹರಿಣಿಯ ಕಾಲು ಏಳಲಿಲ್ಲ. ಇಪ್ಪತ್ತೇಳು ವರ್ಷದ ಹುಡುಗಿ, ಎರಡು ಡಿಗ್ರಿ, ಬುದ್ಧವಂದನೆ ಹೇಳಿಕೊಂಡು ಬೆಳೆದವಳು, ಹೊಸ್ತಿಲಲ್ಲಿ ಕಂಬದ ಹಾಗೆ ನಿಂತಳು. ಚೇಳಿಗೆ ಹೆದರುತ್ತಾಳೆ ಎಂದು ತಿಳಿದ ವೆಂಕಟರವಣಪ್ಪನವರು ಪಾಪ, ಆ ವಯಸ್ಸಿನಲ್ಲಿ ತಾವೇ ಬಗ್ಗಿ ಚಂದ್ರಿಕೆಯನ್ನು ಎಳೆದು ತಂದು, ಧೂಳು ಹೊಡೆದು ಅವಳ ಮುಂದೆ ಇಟ್ಟರು. ಅವ್ವ ದಾಟಿದ್ದನ್ನು ತಾನು ದಾಟಲಿಲ್ಲ ಎಂಬುದನ್ನು ಅವಳು ಯಾರಿಗೂ ಹೇಳಿಲ್ಲ.

ಹನ್ನೊಂದು ಗಂಟೆ ದಾಟಿತ್ತು. ಬಾಗಿಲು ಹಾಕಿಕೊಂಡು ಚಂದ್ರಿಕೆಯ ಅಡಿಯ ಪೆಟ್ಟಿಗೆಯಿಂದ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿದಳು. ಕೊನೆಯ ಸಲ ಕೇಳೋಣ ಅನ್ನಿಸಿತು, ಕೇಳಿದರೆ ಅಳಿಸಲಾರೆ ಎಂದೂ ಗೊತ್ತಿತ್ತು. ಅಪ್ಪನದನ್ನು ಹಾಕಿ ಅವ್ವನದನ್ನು ಬಚ್ಚಿಟ್ಟರೆ ಸಾಕಲ್ಲ ಎಂದು ಒಂದು ಮನಸ್ಸು ಹೇಳಿತು. ಬಚ್ಚಿಟ್ಟದ್ದನ್ನು ನೀನು ಇವತ್ತಲ್ಲ ನಾಳೆ ಎಲ್ಲಾದರೂ ತೋರಿಸಿ ಕಣ್ಣೀರು ಹಾಕಿಸಿಯೇ ತೀರುತ್ತೀಯ ಎಂದು ಇನ್ನೊಂದು ಮನಸ್ಸು ಹೇಳಿತು, ಅದಕ್ಕೆ ಅವಳ ಗುಣ ಚೆನ್ನಾಗಿ ಗೊತ್ತಿತ್ತು. ಕಾರ್ಡಿನಿಂದ ಅಳಿಸಿದಳು. ಲ್ಯಾಪ್‌ಟಾಪಿನಿಂದ ಅಳಿಸಿದಳು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ರೆಕಾರ್ಡರಿನಲ್ಲಿದ್ದದ್ದು ಎಂದೋ ಹೋಗಿತ್ತು, ಬೇರೆ ಯಾರಿಗೂ ಕಳಿಸಿರಲಿಲ್ಲ. ಹದಿನಾಲ್ಕು ನಿಮಿಷದ ಅವ್ವ ಹೋದಳು. ಹರಿಣಿಗೆ ಮೂರು ತಿಂಗಳಲ್ಲಿ ಮೊದಲ ಸಲ ಉಸಿರು ಹಗುರಾಯಿತು. ಕೊಟ್ಟ ಮಾತನ್ನು ತಡವಾಗಿಯಾದರೂ ಉಳಿಸಿಕೊಂಡೆ, ಈಗ ನನ್ನ ಅಂಗೈ ತೆರೆದು ತೋರಿಸಬಹುದು ಎಂದುಕೊಂಡಳು. ಅಳು ಬಂತು, ಅತ್ತಳು, ಮುಖ ತೊಳೆದುಕೊಂಡು ಬಂದು ಬಾಗಿಲು ತೆರೆದಳು.

ಅಪ್ಪ ಬಂದದ್ದು ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಇಡ್ಲಿಯ ಪೊಟ್ಟಣ ಹಿಡಿದುಕೊಂಡು. ತಿಂದಿದೀನಿ ಅಂದೆನಲ್ಲ ಎಂದರೆ, ನೀನು ತಿಂದಿಲ್ಲ ಅನ್ನೋದು ನಿನ್ನ ದನೀಲೇ ಗೊತ್ತಾಯ್ತು ಎಂದರು. ಹಾಲಿನಲ್ಲಿ ಆಗಲೇ ಐದಾರು ಜನ ಇದ್ದರು. ಕಾಲೇಜಿನ ಹುಡುಗಿಯರು ಗೂಡು ಇಟ್ಟು, ಎತ್ತಿ, ನಗುತ್ತಿದ್ದರು. ಅಪ್ಪ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದಿದ್ದರು. ಬೇರೆ ಯಾರೂ ಬಿಟ್ಟಿರಲಿಲ್ಲ. ಕನ್ನಡಕ ಹಾಕಿಕೊಂಡು ಚಂದ್ರಿಕೆಯನ್ನು ಸುತ್ತುಬಂದರು. ವಿದುರಾಶ್ವತ್ಥದ ಮುದುಕಿಯನ್ನು ಪೂರ್ತಿ ಕೇಳಿ ನಕ್ಕರು. ಬಳೆ ವ್ಯಾಪಾರಿಯದನ್ನು ಕೇಳಿ, ಭೇಷ್ ಎಂದರು. ಮಗಳು ಮಾಡಿದ ಕೆಲಸವನ್ನು ಪರೀಕ್ಷೆಯ ಉತ್ತರಪತ್ರಿಕೆಯ ಹಾಗೆ ಒಂದೊಂದೇ ಸಾಲು ನೋಡುತ್ತಾ ಒಳಕ್ಕೆ ಬಂದರು. ಒಳಸುತ್ತಿನಲ್ಲಿ ಗೂಡು ಇಟ್ಟರು.

ಆಗ ನನಗೆ ಏಳು ವರ್ಷ, ಎಂದು ಅಪ್ಪನದೇ ದನಿ ಶುರುವಾಯಿತು. ಅಪ್ಪ ಎರಡೇ ಸಾಲು ಕೇಳಿ ಗೂಡನ್ನು ಎತ್ತಿಬಿಟ್ಟರು. ಇದು ನಂದು, ಅಮ್ಮಂದು ಎಲ್ಲಿ ಎಂದು ಕೇಳಿದರು. ಅವ್ವ ಆ ಜಾಗದ್ದು ಏನೂ ಹೇಳಲಿಲ್ಲ ಎಂದಳು ಹರಿಣಿ. ಏನೂ ಇಲ್ವಾ ಎಂದು ಮತ್ತೆ ಕೇಳಿದರು. ಏನೂ ಇಲ್ಲ ಅಪ್ಪ ಎಂದಳು. ದನಿ ಗಟ್ಟಿಯಾಗಿಯೇ ಇತ್ತು, ಈ ಸಲ ಅದರಲ್ಲಿ ಅವರಿಗೆ ಏನೂ ಗೊತ್ತಾಗಲಿಲ್ಲ. ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತರು. ಗೂಡು ಅವರ ಮುಷ್ಟಿಯಲ್ಲೇ ಇತ್ತು.

"ನಿಂಗಾದ್ರೂ ಹೇಳಿರ್ತಾಳೆ ಅಂತ ಬಂದೆ," ಎಂದರು ಮೆಲ್ಲಗೆ, ಹುಡುಗಿಯರಿಗೆ ಕೇಳದ ಹಾಗೆ. "ನಾನು ಒಳಗೆ ಹೋಗಿರ್ಲಿಲ್ಲ ಕಣಮ್ಮ. ಹೋಗಿದ್ದು ನಮ್ಮಮ್ಮ. ಅವಳು ಹೊಡೀತಿದ್ದಾಗ ಸೆರಗಿನ ತುದೀಲಿ ಒಂದು ಹುಳ ಅಂಟ್ಕೊಂಡು ಹರೀತಿತ್ತು. ಬಯ್ಯಪ್ಪ ಅಲ್ಲೇ ನಿಂತಿದ್ದ. ಹುಳಾನ ಸೆರಗಿನ ಸಮೇತ ಮುಷ್ಟೀಲಿ ಹಿಡ್ಕೊಂಡ್ಬಿಟ್ಟೆ. ಮನೆಗೆ ಬರೋ ತನಕ ಮುಷ್ಟಿ ಬಿಚ್ಚಲಿಲ್ಲ."

ಅಪ್ಪ ಮಾತು ನಿಲ್ಲಿಸಲಿಲ್ಲ. ಮೊದಮೊದಲು ಅಮ್ಮನನ್ನು ಕಾಯುವುದಕ್ಕೆ ನಾನೇ ಹೋಗಿದ್ದೆ ಅನ್ನುತ್ತಿದ್ದರಂತೆ. ಬಯ್ಯಪ್ಪ ಸತ್ತ ಮೇಲೆ ಕಾಯುವ ಅಗತ್ಯವೇ ಇರಲಿಲ್ಲ, ಆದರೂ ಹೇಳಿದರು, ಬೇಕೆಂತಲೇ, ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು. ಒಂದು ಸಲವಾದರೂ ಎದ್ದು ನಿಂತು, ಸುಳ್ಳು ಹೇಳ್ತಾನೆ ನನ್ನ ಮಗ, ಹೋಗಿದ್ದು ನಾನು ಎನ್ನಲಿ ಎಂದು. ನಮ್ಮ ಕೇರಿಯಲ್ಲಿ ಆ ಹೊಸ್ತಿಲು ಮೊದಲು ದಾಟಿದವಳು ಅವಳು, ಆ ಚಪ್ಪಾಳೆ ಅವಳದು. ಬಂದು ತೆಗೆದುಕೊಳ್ಳಲಿ ಎಂದು. ಅವಳು ಪ್ರತಿ ಸಲವೂ ಎದ್ದಳು, ಎದ್ದು ಆಚೆ ಹೋದಳು. ಪುಷ್ಯದಲ್ಲಿ ಮೂರು ರಾತ್ರಿ ಅವಳ ತಲೆದೆಸೆಯಲ್ಲಿ ಕೂತಿದ್ದಾಗಲೂ ಕಾದರು.

"ಹೇಳಿದ್ಲು ಅಪ್ಪ," ಎಂದಳು ಹರಿಣಿ. "ಅವ್ವ ನಂಗೆ ಹೇಳಿದ್ಲು. ರೆಕಾರ್ಡ್ ಮಾಡಿದ್ದೆ. ಇವತ್ತು ಬೆಳಿಗ್ಗೆ ನಾನೇ ಅಳಿಸ್ಬಿಟ್ಟೆ."

ಅಪ್ಪ ತಲೆ ಎತ್ತಿ ನೋಡಿದರು. ಅವಳು ಒಂದೇ ಉಸಿರಿಗೆ ಹೇಳತೊಡಗಿದಳು. ಹುಳ ಏನು ಮಾಡುತ್ತದೆ ನೋಡಬೇಕು ಅನ್ನಿಸಿತ್ತಂತೆ ಎಂದಳು, ಹಿಪ್ಪುನೇರಳೆ ಕಡ್ಡಿ ಎಂದಳು, ನೀವು ಸೆರಗು ಬಿಡಲೇ ಇಲ್ಲ ಅಂದಳು ಅವ್ವ ಎಂದಳು, ನಿಮ್ಮ ಕಿವಿಗೆ ಬೀಳಬಾರದು ಎಂದು ಮಾತು ತೆಗೆದುಕೊಂಡಳು ಎಂದಳು. ಹೇಳುತ್ತಾ ಹೋದಂತೆ ತನ್ನ ಕಿವಿಗೇ ಅದು ಈಗ ತಾನೇ ಅಪ್ಪನಿಂದ ಕೇಳಿದ್ದಕ್ಕೆ ಬಣ್ಣ ಹಚ್ಚಿ ಒಪ್ಪಿಸುತ್ತಿರುವ ಹಾಗೆ ಕೇಳಿಸಿತು. ಒದ್ದೆ ಗೋಣಿಚೀಲ ನೆನಪಾಯಿತು, ಅದು ಅವ್ವನಿಗಲ್ಲದೆ ಯಾರಿಗೂ ಗೊತ್ತಿಲ್ಲ ಎಂದು ಅದನ್ನೂ ಹೇಳಿದಳು. ಅಪ್ಪ ಮುಗುಳ್ನಕ್ಕರು. ಲೆಕ್ಕ ಮಾಡದೆ ಬಂದು ನೋಟ್‌ಬುಕ್ಕು ಕಳೆದುಹೋಯಿತು ಎನ್ನುವ ಮಕ್ಕಳಿಗೆ ಅವರು ಹೀಗೇ ನಗುತ್ತಿದ್ದರು. ಬೈಯುತ್ತಿರಲಿಲ್ಲ.

"ಈಗ ತಾನೇ ಏನೂ ಹೇಳ್ಲಿಲ್ಲ ಅಂದೆಯಲ್ಲಮ್ಮ," ಎಂದು ಅವಳ ತಲೆ ಸವರಿದರು. "ನೀನು ಓದಿರೋಳು, ಚೆನ್ನಾಗಿ ಕಟ್ತೀಯ. ನನ್ನ ಸಮಾಧಾನಕ್ಕೆ ಅಂತ ಕಟ್ಬೇಡ. ಇಡ್ಲಿ ತಿನ್ನು, ಆರೋಗುತ್ತೆ."

ಯಾಮಿನಿ ಮೇಡಂ ಕೇಳಿದ್ದಾರೆ ಎನ್ನಬಹುದಿತ್ತು; ಅವ್ವನ ಮಾತನ್ನು ನಿಮಗಿಂತ ಮೊದಲು ಹೊರಗಿನವರಿಗೆ ಕೇಳಿಸಿದೆ ಎಂದೂ ಆಗ ಹೇಳಬೇಕಾಗುತ್ತಿತ್ತು. ಅಪ್ಪ ಎದ್ದು ಗೂಡನ್ನು ಜೋಪಾನವಾಗಿ ಒಳಸುತ್ತಿನಲ್ಲಿಟ್ಟು, ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಮಧ್ಯಾಹ್ನದ ಬಸ್ಸಿಗೇ ಹೋಗುತ್ತೇನೆ, ನಾಳೆ ಶಾಲೆಯಿದೆ ಎಂದರು. ಹುಡುಗಿಯರು ಚಂದ್ರಿಕೆಯ ಸುತ್ತ ಒತ್ತಿಕೊಂಡು ನಿಂತಿದ್ದರು. ಅಪ್ಪನ ದನಿ, ಒಂದು ದಿನ ಮಧ್ಯಾಹ್ನ ನಾನು ಆ ಗೆರೆ ತುಳಿದು ಒಳಕ್ಕೆ ಹೋದೆ, ಎನ್ನುತ್ತಿತ್ತು. ಒಬ್ಬಳು ಚಪ್ಪಾಳೆ ತಟ್ಟಿದಳು. ಸಂಜೆ ಐದರ ತನಕ ಹಾಲು ತೆರೆದಿತ್ತು. ಹರಿಣಿ ಇಡ್ಲಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಕೂತು, ಬಂದವರೆಲ್ಲ ಗೂಡನ್ನು ಒಳಸುತ್ತಿನಲ್ಲಿಟ್ಟಾಗಲೆಲ್ಲ ಆ ಸುಳ್ಳನ್ನು ಮೊದಲಿನಿಂದ ಕೇಳಿದಳು.